ಗುಂಯ್ ಅಂದು ನಿಂತ ವಾಷಿಂಗ್ ಮೆಷಿನ್: ಒಂದು ರಿಪೇರಿಯ ಪೂರ್ತಿ ವರದಿ

ಯಂತ್ರ: ಮೇಲಿನಿಂದ ಬಟ್ಟೆ ಹಾಕುವ, ಪೂರ್ತಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್, 6.5 ಕೆಜಿಯದು. ವಯಸ್ಸು ಎಂಟು ವರ್ಷ. ಜಾಗ: ಡೊಂಬಿವಲಿ ಪೂರ್ವ, ಮೂರನೇ ಮಹಡಿ, ಅಡುಗೆಮನೆಗೆ ಅಂಟಿಕೊಂಡ ಡ್ರೈ ಬಾಲ್ಕನಿ. ಕಾಲ: ಜುಲೈ ಎರಡನೇ ವಾರ. ಕೆಟ್ಟಿದ್ದ ಭಾಗದ ಬೆಲೆ: 140 ರೂಪಾಯಿ. ಒಟ್ಟು ಖರ್ಚು: ಅದನ್ನು ಆಮೇಲೆ ಹೇಳುತ್ತೇನೆ. ಸ್ವಲ್ಪ ನಾಚಿಕೆಯ ವಿಷಯ.

ರಿಪೇರಿ ಕಥೆ ಹೇಳುವವರು ಸಾಮಾನ್ಯವಾಗಿ ಗೆದ್ದ ಭಾಗ ಮಾತ್ರ ಹೇಳುತ್ತಾರೆ. "ಏನಿಲ್ಲ, ಒಂದು ಕೆಪಾಸಿಟರ್ ಬದಲಾಯಿಸಿದೆ, ಸರಿ ಹೋಯ್ತು" ಅಂತ. ನಾನೂ ಆಫೀಸಿನಲ್ಲಿ ಹಾಗೇ ಹೇಳಿದ್ದೇನೆ. ಇಲ್ಲಿ ಮಾತ್ರ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಏನಾಗಿತ್ತು

ಮುಂಬೈ ಕಡೆಯ ಜುಲೈ ಗೊತ್ತಿರುವವರಿಗೆ ಬಟ್ಟೆಯ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಹಗ್ಗದ ಮೇಲೆ ಹಾಕಿದ ಬನಿಯನ್ ಮೂರು ದಿನವಾದರೂ ಒಣಗುವುದಿಲ್ಲ. ಫ್ಯಾನಿನ ಕೆಳಗೆ ಹರಡಿದ ಪ್ಯಾಂಟಿನಿಂದ ಒಂಥರಾ ಮುಗ್ಗಲು ವಾಸನೆ. ಈ ನಾಲ್ಕು ತಿಂಗಳು ನಮಗೆ ಮೆಷಿನ್ ಬೇಕಾಗಿರುವುದು ಒಗೆಯುವುದಕ್ಕಿಂತ ಜಾಸ್ತಿ ಹಿಂಡುವುದಕ್ಕೆ. ಕೈಯಲ್ಲಿ ಎಷ್ಟು ಹಿಂಡಿದರೂ ಮೆಷಿನ್ ಹಿಂಡಿದ ಹಾಗೆ ಆಗಲ್ಲ.

ಒಂದು ಗುರುವಾರ ಬೆಳಿಗ್ಗೆ ಮೆಷಿನ್ ನೀರು ತುಂಬಿಕೊಂಡಿತು, ಗುಂಯ್ ಅಂದಿತು, ಅಷ್ಟೇ. ಒಳಗಿನ ತಟ್ಟೆ, ಅಂದರೆ ಪಲ್ಸೇಟರ್, ತಿರುಗಲಿಲ್ಲ. ಹೆಂಡತಿ ಅರ್ಧ ಬಟ್ಟೆ ತೆಗೆದಳು. ಆಗ ತಿರುಗಿತು. ಮತ್ತೆ ಎಲ್ಲಾ ಹಾಕಿದಳು. ಗುಂಯ್. ಸಿಟ್ಟಿನಿಂದ ಬಂದ್ ಮಾಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಹಚ್ಚಿದರೆ ಹತ್ತು ನಿಮಿಷ ಚೆನ್ನಾಗಿ ನಡೆಯಿತು, ಆಮೇಲೆ ಪೂರ್ತಿ ಸುಮ್ಮನಾಯಿತು. "ಇದಕ್ಕೂ ನನ್ನ ಹಾಗೆ ಸುಸ್ತಾಗಿದೆ" ಅಂತ ಅವಳು ನಕ್ಕಳು. ತಮಾಷೆಗೆ ಹೇಳಿದ ಆ ಮಾತೇ ನಿಜಕ್ಕೆ ಎಲ್ಲರಿಗಿಂತ ಹತ್ತಿರ ಇತ್ತು ಅಂತ ಮೂರು ದಿನದ ನಂತರ ಗೊತ್ತಾಯಿತು.

ಶನಿವಾರ ಸರ್ವಿಸ್‌ನವನು ಬಂದ. ಹುಡುಗ, ಇಪ್ಪತ್ತೈದು ವರ್ಷ ಇರಬಹುದು. ರೇನ್‌ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೆಷಿನ್ ಹಚ್ಚಿದ, ಗುಂಯ್ ಕೇಳಿಸಿಕೊಂಡ, ಬಂದ್ ಮಾಡಿದ. "ಗೇರ್‌ಬಾಕ್ಸ್ ಜಾಮ್ ಹೈ ಸಾಬ್. ಪಿಸಿಬಿ ಭೀ ಡೌಟ್‌ಫುಲ್ ಹೈ." ಗೇರ್‌ಬಾಕ್ಸ್ ಸಿಕ್ಕಿಕೊಂಡಿದೆ, ಮೆಷಿನ್ ನಡೆಸುವ ಸರ್ಕ್ಯೂಟ್ ಬೋರ್ಡ್ (ಪಿಸಿಬಿ) ಮೇಲೂ ಅನುಮಾನ ಅಂತ. ಎರಡೂ ಸೇರಿ 7,400 ರೂಪಾಯಿ. ಬಂದದ್ದಕ್ಕೆ 450. "ಇಷ್ಟು ಹಾಕುವ ಬದಲು ಹೊಸದು ತಗೊಳ್ಳಿ" ಅಂತ ಪುಕ್ಕಟೆ ಸಲಹೆ ಬೇರೆ.

ಅವನು ಮೋಸ ಮಾಡಿದ ಅಂತ ನಾನು ಹೇಳುವುದಿಲ್ಲ. ಅವನ ಚೀಲದಲ್ಲಿ ಟೆಸ್ಟರ್ ಇತ್ತು, ಸ್ಪ್ಯಾನರ್ ಇತ್ತು, ಮೀಟರ್ ಇರಲಿಲ್ಲ. ದಿನಕ್ಕೆ ಎಂಟೋ ಹತ್ತೋ ಮನೆ ಮುಗಿಸಬೇಕು. ಒಂದು ಭಾಗ ಹಾಕಿ ಅದು ಸಾಲದೆ ಮತ್ತೆ ಬರುವುದಕ್ಕಿಂತ, ಅನುಮಾನ ಇರುವುದನ್ನೆಲ್ಲ ಒಟ್ಟಿಗೆ ಬದಲಾಯಿಸುವುದು ಅವನಿಗೆ ಸಲೀಸು. ಆದರೆ ಗುಂಯ್ ಅನ್ನುವ ಒಂದು ಶಬ್ದ ಕೇಳಿ 7,400 ಅನ್ನುವುದು ನನಗೆ ಗಂಟಲಲ್ಲಿ ಇಳಿಯಲಿಲ್ಲ.

"ಕಥೆ ಹೇಳ್ಬೇಡ, ನಂಬರ್ ಹೇಳು"

ನಮ್ಮೂರಿನ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯವಾದ ಒಬ್ಬ ಹಿರಿಯರಿದ್ದಾರೆ. ಕಾರ್ಕಳ ಕಡೆಯವರು. ಮೂವತ್ತು ವರ್ಷಕ್ಕೂ ಹೆಚ್ಚು ಮೋಟರ್ ರಿವೈಂಡಿಂಗ್, ಅಂದರೆ ಮೋಟರಿನ ಸುರುಳಿ ಮತ್ತೆ ಸುತ್ತುವ ಕೆಲಸ, ಮಾಡಿದವರು. ನಮ್ಮ ಮನೆಯಲ್ಲಿ ಅವರಿಗೆ ವೈಂಡಿಂಗ್ ಮಾಮ ಅಂತಲೇ ಹೆಸರು. ಫೋನ್ ಮಾಡಿದೆ. ಮೆಷಿನ್ ಯಾವಾಗ ನಿಂತಿತು, ಹುಡುಗ ಏನಂದ, ಹೆಂಡತಿ ಏನಂದಳು ಅಂತ ಶುರು ಮಾಡಿದೆ. ನಡುವೆಯೇ ತಡೆದರು.

"ಮೋಟರಿನಿಂದ ಮೂರು ವೈರ್ ಬಂದಿರ್ತದೆ. ಪ್ಲಗ್ ಕಿತ್ತು, ಆ ಮೂರರ ನಡುವೆ ಓಮ್ಸ್ ಅಳೆ. ಕಥೆ ಹೇಳ್ಬೇಡ ಮಾರಾಯ, ನಂಬರ್ ಹೇಳು."

ನನ್ನ ಹತ್ತಿರ ಹಳೇ ಮಲ್ಟಿಮೀಟರ್ ಒಂದಿತ್ತು. ಭಾನುವಾರ ಬೆಳಿಗ್ಗೆ ಏಳಕ್ಕೆ ಮೆಷಿನನ್ನು ಗೋಡೆಯಿಂದ ಎಳೆದೆ. ಪ್ಲಗ್ ಕಿತ್ತು, ಅದನ್ನು ಮೆಷಿನ್ ಮೇಲೆಯೇ ಕಣ್ಣಿಗೆ ಕಾಣುವ ಹಾಗೆ ಇಟ್ಟೆ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವ ನಂಬಿಕೆ ಮೇಲೆ ನೀರಿರುವ ಯಂತ್ರಕ್ಕೆ ಕೈ ಹಾಕಬಾರದು. ನಮ್ಮ ಹಳೇ ಕಟ್ಟಡಗಳ ವೈರಿಂಗ್‌ನಲ್ಲಿ ಎಷ್ಟೋ ಕಡೆ ಸ್ವಿಚ್ ಇರುವುದು ಕರೆಂಟ್ ಬರುವ ಫೇಸ್ ವೈರಿಗಲ್ಲ, ವಾಪಸ್ ಹೋಗುವ ನ್ಯೂಟ್ರಲಿಗೆ. ಸ್ವಿಚ್ ಆರಿದ್ದರೂ ಒಳಗೆ ಕರೆಂಟ್ ಇರುತ್ತದೆ.

ಹಿಂದಿನ ಪ್ಯಾನಲಿಗೆ ಆರು ಸ್ಕ್ರೂ. ನಾಲ್ಕು ಬಂದವು. ಎರಡು ತುಕ್ಕು ಹಿಡಿದು ಕಲ್ಲಾಗಿದ್ದವು. ಎಂಟು ಮಳೆಗಾಲ ಬಾಲ್ಕನಿಯಲ್ಲಿ ಕಳೆದ ಸ್ಕ್ರೂಗಳು ಅವು. ಒಂದರ ತಲೆಯ ಗೀರು ನನ್ನ ಕೈಯಲ್ಲೇ ಸವೆದುಹೋಯಿತು. ತುಕ್ಕು ಬಿಡಿಸುವ ಸ್ಪ್ರೇ ತಂದು ಹೊಡೆದು ಇಪ್ಪತ್ತು ನಿಮಿಷ ಕಾದೆ. ಸ್ಕ್ರೂಡ್ರೈವರ್ ತುದಿಗೂ ಸ್ಕ್ರೂಗೂ ನಡುವೆ ದಪ್ಪ ರಬ್ಬರ್ ಬ್ಯಾಂಡ್ ಇಟ್ಟು ಒತ್ತಿ ತಿರುಗಿಸಿದೆ. ಬರಲಿಲ್ಲ. ಕೊನೆಗೆ ಇಕ್ಕಳದಲ್ಲಿ ತಲೆ ಹಿಡಿದು ತಿರುಚಿದಾಗ ಕಿರ್ ಅಂದು ಬಂತು. ಈ ಒಂದು ಸ್ಕ್ರೂ ತಿಂದದ್ದು ಒಂದೂಕಾಲು ಗಂಟೆ. ಮುಂದೆ ರೋಗ ಪತ್ತೆ ಮಾಡಲು ಹಿಡಿದದ್ದು ಹದಿನೈದು ನಿಮಿಷ.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವ್ವ ಕೂತಿದ್ದಳು. ಧಾರವಾಡದವಳು, ಮಾತು ಚುರುಕು. "ಬಿಚ್ಚಲಿಕ್ಕೆ ಎಲ್ಲಾರಿಗೂ ಬರ್ತದ. ಮತ್ತ ಜೋಡಸಲಿಕ್ಕೆ?" ಅಂದಳು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಪ್ಯಾನಲ್ ತೆಗೆದರೆ ಒಳಗೆ ಒಂದು ಚಂದದ ಅಚ್ಚರಿ. ಪ್ಯಾನಲಿನ ಒಳಮೈಗೆ ವೈರಿಂಗ್ ನಕ್ಷೆಯ ಕಾಗದ ಅಂಟಿಸಿತ್ತು. ಎಂಟು ವರ್ಷ ನಮ್ಮ ಮನೆಯಲ್ಲೇ ಇತ್ತು, ನಾವು ನೋಡಿರಲಿಲ್ಲ. ಕೈಪಿಡಿಯಲ್ಲಿ ಮಾತ್ರ ಪ್ರತಿ ತೊಂದರೆಗೂ ಒಂದೇ ಪರಿಹಾರ, ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ಗೃಹಬಳಕೆಯ ಸಾಮಾನು, ಮೊಬೈಲ್, ವಾಹನ, ಕೃಷಿ ಯಂತ್ರ, ಈ ನಾಲ್ಕು ವಿಭಾಗಗಳಲ್ಲಿ ಕಂಪನಿಗಳು ರಿಪೇರಿ ಮಾಹಿತಿ ಜನರಿಗೆ ಸಿಗುವಂತೆ ಮಾಡಲಿ ಅನ್ನುವ ಉದ್ದೇಶ. ಒಳ್ಳೆಯದೇ. ಆದರೆ ನನಗೆ ಆ ಭಾನುವಾರ ಉಪಯೋಗಕ್ಕೆ ಬಂದದ್ದು ತುಕ್ಕಿನ ಪ್ಯಾನಲ್ ಹಿಂದಿನ ಈ ಒಂದು ಕಾಗದ.

ಅಳೆದೆ. ಮೋಟರಿನ ಎರಡೂ ಸುರುಳಿಗೆ ಸೇರಿದ ಕಾಮನ್ ವೈರಿನಿಂದ ಮೊದಲನೆಯದಕ್ಕೆ 22 ಓಮ್ (ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ). ಎರಡನೆಯದಕ್ಕೂ 22. ಆ ಎರಡರ ನಡುವೆ 44. ಮಾಮನಿಗೆ ಹೇಳಿದೆ.

"ಮೋಟರ್ ಗಟ್ಟಿ ಉಂಟು. ಬೆಲ್ಟ್ ತೆಗೆದು ದೊಡ್ಡ ಪುಲ್ಲಿ ಕೈಯಲ್ಲಿ ತಿರುಗಿಸು."

ತಿರುಗಿಸಿದೆ. ಬೆಣ್ಣೆಯ ಹಾಗೆ ತಿರುಗಿತು, ಮೇಲೆ ಪಲ್ಸೇಟರ್ ಕೂಡ ಜೊತೆಗೆ ತಿರುಗಿತು. ಜಾಮ್ ಆದ ಗೇರ್‌ಬಾಕ್ಸ್ ಹೀಗೆ ತಿರುಗುತ್ತದಾ? ಮೋಟರಿನ ಸಣ್ಣ ಪುಲ್ಲಿಯೂ ಸಲೀಸು.

"ಹಾಗಾದ್ರೆ ಕೆಪಾಸಿಟರ್ ಹೋಗಿದೆ. ತೆಗೆಯುವ ಮುಂಚೆ ಅದರ ಚಾರ್ಜ್ ಇಳಿಸು. ಕೈ ಮುಟ್ಟಿ ಇಳಿಸ್ಬೇಡ, ಮತ್ತೆ."

ಈ ಕೆಪಾಸಿಟರ್ ಏನು ಮಾಡುತ್ತದೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಇದು ಗೊತ್ತಾದ ಮೇಲೆ ಮನೆಯ ಸೀಲಿಂಗ್ ಫ್ಯಾನ್, ಕೂಲರ್, ನೀರಿನ ಪಂಪು, ಎಲ್ಲದರ ಗುಂಯ್ ಅರ್ಥವಾಗುತ್ತದೆ.

ನಮ್ಮ ಮನೆಗೆ ಬರುವುದು ಸಿಂಗಲ್ ಫೇಸ್ ಕರೆಂಟ್, 230 ವೋಲ್ಟ್, ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವುದು. ಇದನ್ನು ಒಂದೇ ಸುರುಳಿಗೆ ಕೊಟ್ಟರೆ ಅಯಸ್ಕಾಂತದ ಎಳೆತ ಹಿಂದೆ ಮುಂದೆ ಆಡುತ್ತದೆಯೇ ಹೊರತು ಸುತ್ತುವುದಿಲ್ಲ. ಉಯ್ಯಾಲೆಯನ್ನು ಎರಡೂ ಕಡೆಯಿಂದ ಒಂದೇ ಜೋರಿನಲ್ಲಿ ತಳ್ಳಿದ ಹಾಗೆ. ಮೋಟರ್ ಎತ್ತ ತಿರುಗಬೇಕು ಅಂತ ತಿಳಿಯದೆ ನಿಂತಲ್ಲೇ ಅದುರುತ್ತದೆ. ಆ ಅದುರುವ ಸದ್ದೇ ಗುಂಯ್. ಅದಕ್ಕೆ ಎರಡನೇ ಸುರುಳಿ ಇಟ್ಟು, ಕೆಪಾಸಿಟರ್ ಮೂಲಕ ಅದರ ಕರೆಂಟನ್ನು ಸ್ವಲ್ಪ ಮುಂದಕ್ಕೆ ಸರಿಸುತ್ತಾರೆ. ಎರಡು ಎಳೆತ ಒಂದರ ಹಿಂದೊಂದು ಬಂದಾಗ ಸುತ್ತುವ ಸೆಳೆತ ಹುಟ್ಟುತ್ತದೆ. ಇಂಥ ವಾಷಿಂಗ್ ಮೆಷಿನಿನಲ್ಲಿ ಎರಡೂ ಸುರುಳಿ ಒಂದೇ ಅಳತೆಯವು. ಯಾವುದಕ್ಕೆ ಕರೆಂಟ್ ನೇರವಾಗಿ ಹೋಗಬೇಕು, ಯಾವುದಕ್ಕೆ ಕೆಪಾಸಿಟರ್ ದಾಟಿ ಹೋಗಬೇಕು ಅನ್ನುವುದನ್ನು ಅದಲು ಬದಲು ಮಾಡಿದರೆ ಮೋಟರ್ ಉಲ್ಟಾ ತಿರುಗುತ್ತದೆ. ಬಟ್ಟೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುವುದು ಹೀಗೆ. ನನ್ನ 22, 22, 44ರ ಅರ್ಥವೂ ಇದೇ: ಎರಡು ಸಮನಾದ ಸುರುಳಿ, ಎರಡೂ ಸುರಕ್ಷಿತ.

ಈಗ ಲಕ್ಷಣಗಳನ್ನು ನೋಡಿ. ಅರ್ಧ ಬಟ್ಟೆ ಇದ್ದಾಗ ತಿರುಗುತ್ತಿತ್ತು. ಅಂದರೆ ಕೆಪಾಸಿಟರ್ ಪೂರ್ತಿ ಸತ್ತಿರಲಿಲ್ಲ, ಬಲ ಕಮ್ಮಿಯಾಗಿತ್ತು. ಭಾರ ಜಾಸ್ತಿಯಾದರೆ ಮೋಟರ್ ಎದ್ದೇಳುತ್ತಿರಲಿಲ್ಲ. ಎದ್ದೇಳದ ಮೋಟರ್ ಸುಮ್ಮನೆ ಕರೆಂಟ್ ಎಳೆದು ಬಿಸಿಯಾಗುತ್ತದೆ. ಸುರುಳಿಯ ಒಳಗೆ ಬಿಸಿ ನೋಡುವ ಕಾವಲುಗಾರ ಒಬ್ಬನಿರುತ್ತಾನೆ, ಥರ್ಮಲ್ ಪ್ರೊಟೆಕ್ಟರ್ ಅಂತ. ಅದು ಕರೆಂಟ್ ಕತ್ತರಿಸುತ್ತದೆ. ತಣ್ಣಗಾದ ಮೇಲೆ ತಾನೇ ಜೋಡಿಸುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ನಡೆಯುತ್ತಿದ್ದದ್ದು ಅದಕ್ಕೇ. ನಿಜಕ್ಕೂ ಸುಸ್ತೇ!

ಹಳೇ ಬಲ್ಬ್ ಹೋಲ್ಡರಿಗೆ 60 ವ್ಯಾಟಿನ ಬಲ್ಬ್ ಹಾಕಿ, ಎರಡು ವೈರನ್ನು ಕೆಪಾಸಿಟರಿನ ಎರಡು ಕಾಲಿಗೆ ಮುಟ್ಟಿಸಿದೆ. ಏನೂ ಮಿನುಗಲಿಲ್ಲ. ಆದರೂ ಎರಡು ಸಲ ಮುಟ್ಟಿಸಿದೆ. ಪ್ಲಗ್ ಕಿತ್ತ ಮೇಲೂ ಇದರಲ್ಲಿ ಚಾರ್ಜ್ ಉಳಿದಿರಬಹುದು, ಆದ್ದರಿಂದ ಈ ಒಂದು ವಿಷಯದಲ್ಲಿ ಅವಸರ ಬೇಡ. ಆಮೇಲೆ ಬಿಚ್ಚಿ ಕೈಗೆ ತೆಗೆದುಕೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಮೇಲೆ ಬರೆದಿತ್ತು: 10 ಮೈಕ್ರೋಫ್ಯಾರಡ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ), ಐದು ಪರ್ಸೆಂಟ್ ಹೆಚ್ಚು ಕಮ್ಮಿ, 440 ವೋಲ್ಟ್. ಅದರ ಕೆಳಗೆ ಸಣ್ಣದಾಗಿ 25/85/21.

ಈ ಕೊನೆಯ ಸಾಲಿನ ಅರ್ಥ ಗೊತ್ತಾದಾಗ ನಗು ಬಂತು. ಮೈನಸ್ 25 ಡಿಗ್ರಿಯಿಂದ 85 ಡಿಗ್ರಿವರೆಗೆ ತಡೆಯುತ್ತದೆ, ಒದ್ದೆ ಸೆಖೆಯ ಪರೀಕ್ಷೆಯಲ್ಲಿ 21 ದಿನ ಪಾಸಾಗಿದೆ ಅಂತ ಅದರ ಅರ್ಥ. ಇಪ್ಪತ್ತೊಂದು ದಿನ! ನಮ್ಮ ಬಾಲ್ಕನಿಯಲ್ಲಿ ಜೂನ್ ಏಳೆಂಟಕ್ಕೆ ಶುರುವಾದ ಒದ್ದೆ ಸೆಖೆ ಸೆಪ್ಟೆಂಬರ್ ಕೊನೆಯವರೆಗೆ ಬಿಡುವುದಿಲ್ಲ. ಪಾಪ, ಎಂಟು ವರ್ಷ ಹೇಗೆ ತಡೆದುಕೊಂಡಿತೋ.

ಒಂದು ಭಾನುವಾರ ಹೋಯಿತು

ಹುಮ್ಮಸ್ಸು ತಲೆಗೇರಿತ್ತು. ಮಧ್ಯಾಹ್ನವೇ ಲ್ಯಾಮಿಂಗ್ಟನ್ ರೋಡಿಗೆ ಹೊರಟೆ. ಡೊಂಬಿವಲಿಯಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸಿ ಗ್ರಾಂಟ್ ರೋಡ್. ಎರಡು ವಿಷಯ ಮರೆತಿದ್ದೆ. ಒಂದು, ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ಕೆಲಸಕ್ಕೆ ರೈಲು ಕಡಿತ. ಎರಡು, ಭಾನುವಾರ ಆ ಬೀದಿಯ ಬಹುತೇಕ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಬಂದ್. ಎರಡೂ ಮುಂಬೈಯಲ್ಲಿ ಹದಿನೆಂಟು ವರ್ಷದಿಂದ ಇರುವವನಿಗೆ ಗೊತ್ತಿರಬೇಕಾದ ವಿಷಯ. ಮುಚ್ಚಿದ ಷಟರುಗಳ ಮುಂದೆ ಕೊಡೆ ಹಿಡಿದು ಒಂದು ಸುತ್ತು ಹಾಕಿ, ವಡಾಪಾವ್ ತಿಂದು ವಾಪಸ್ ಬಂದೆ. ಮನೆ ಸೇರಿದಾಗ ಏಳು ಗಂಟೆ. ಬಾತ್‌ರೂಮಿನಲ್ಲಿ ಬಕೆಟ್ ಇಟ್ಟುಕೊಂಡು ಅವ್ವ ಕೈಯಲ್ಲೇ ಬಟ್ಟೆ ಕುಕ್ಕುತ್ತಿದ್ದಳು. ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಸೋಮವಾರ ಬುದ್ಧಿ ಬಂತು. ನನ್ನ ಆಫೀಸು ಫೋರ್ಟಿನಲ್ಲಿ. ಸಂಜೆ ಕೆಲಸ ಮುಗಿಸಿ ಕ್ರಾಫರ್ಡ್ ಮಾರ್ಕೆಟ್ ದಾಟಿ ಲೋಹಾರ್ ಚಾಳಿಗೆ ನಡೆದೆ. ವೈರು, ಸ್ವಿಚ್ಚು, ಬಲ್ಬು, ಫ್ಯಾನು, ಕರೆಂಟಿನದು ಏನು ಬೇಕಾದರೂ ಸಿಗುವ ಗಲ್ಲಿಗಳು. ಕೈಗಾಡಿಗೆ ದಾರಿ ಬಿಟ್ಟುಕೊಂಡು, ಗೋಡೆಗೆ ಅಂಟಿಕೊಂಡು ನಡೆಯಬೇಕು. ಹಳೇ ಕೆಪಾಸಿಟರ್ ಊಟದ ಡಬ್ಬಿಯ ಚೀಲದಲ್ಲಿತ್ತು.

ಮೊದಲ ಅಂಗಡಿಯವನು ಫ್ಯಾನಿಗೆ ಹಾಕುವ 2.5 ಮೈಕ್ರೋಫ್ಯಾರಡಿನದು ಕೊಡಲು ಬಂದ. ಎರಡನೆಯವನ ಹತ್ತಿರ 10 ಇತ್ತು, ಆದರೆ 250 ವೋಲ್ಟಿನದು. "ಚಲೇಗಾ, ಲೈನ್ ತೋ 230 ಹೀ ಹೈ" ಅಂದ, ನಡೆಯುತ್ತೆ, ಲೈನ್ ಇರುವುದೇ 230 ಅಂತ. ಕೇಳಲು ಸರಿಯೇ ಅನ್ನಿಸುತ್ತದೆ, ಅಲ್ವಾ? ಆದರೆ ಮೋಟರಿನ ಸುರುಳಿಯ ಜೊತೆ ಸೇರಿದಾಗ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಲೈನಿಗಿಂತ ಜಾಸ್ತಿ ವೋಲ್ಟೇಜ್ ಏಳುತ್ತದೆ. ಅದಕ್ಕೇ 440. ಇದನ್ನು ಮಾಮ ಹೇಳಿಕೊಟ್ಟಿರದಿದ್ದರೆ ನಾನು 60 ರೂಪಾಯಿ ಉಳಿಸಲು ಅದನ್ನೇ ತರುತ್ತಿದ್ದೆ. ಹಾಗೆಯೇ "ಹತ್ತರ ಬದಲು ಹದಿನೈದು ಹಾಕಿ, ಮೋಟರ್ ಜೋರಾಗಿ ತಿರುಗುತ್ತೆ" ಅನ್ನುವವರೂ ಇದ್ದಾರೆ. ಜಾಸ್ತಿ ಹಾಕಿದರೆ ಸುರುಳಿ ಬಿಸಿಯಾಗುತ್ತದೆ, ಅಷ್ಟೇ.

ಮೂರನೇ ಅಂಗಡಿಯ ಮುದುಕ ನನ್ನ ಹಳೇ ಡಬ್ಬಿಯನ್ನು ಕೇಳಿ ತೆಗೆದುಕೊಂಡ, ತನ್ನ ಮೀಟರಿಗೆ ಹಚ್ಚಿದ. 5.6. ಇರಬೇಕಾದ್ದು 9.5ರಿಂದ 10.5ರ ಒಳಗೆ. ಮೀಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದ, ಒಂದು ಮಾತೂ ಆಡಲಿಲ್ಲ. ಗುರುವಾರದಿಂದ ನಾನು ಕೇಳಿದ ಎಲ್ಲಾ ಅಭಿಪ್ರಾಯಗಳಿಗಿಂತ ಆ ಎರಡು ಅಂಕಿ ನನಗೆ ಹೆಚ್ಚು ಸಮಾಧಾನ ಕೊಟ್ಟವು. ಇದು ಕುಸಿಯುವ ರೀತಿಯೂ ವಿಚಿತ್ರ. ಒಳಗೆ ತೆಳ್ಳನೆ ಪ್ಲಾಸ್ಟಿಕ್ ಹಾಳೆಯ ಮೇಲೆ ಇನ್ನೂ ತೆಳ್ಳನೆ ಲೋಹದ ಲೇಪ. ಎಲ್ಲೋ ಒಂದು ಕಡೆ ಹಾಳೆ ತೂತಾದರೆ ಅಲ್ಲಿನ ಲೋಹ ಆವಿಯಾಗಿ, ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಪ್ರತಿ ಗಾಯಕ್ಕೂ ಸ್ವಲ್ಪ ಲೋಹ ಕಮ್ಮಿ, ಸ್ವಲ್ಪ ಶಕ್ತಿ ಕಮ್ಮಿ. ಹೊರಗಿನಿಂದ ಡಬ್ಬಿ ಹೊಸದರ ಹಾಗೇ ಕಾಣುತ್ತದೆ.

ಹೊಸದು 140 ರೂಪಾಯಿ. ಅದೇ ಹುಮ್ಮಸ್ಸಿನಲ್ಲಿ ಕೆಪಾಸಿಟರ್ ಅಳೆಯುವ ಮೀಟರ್ ಕೂಡ ಕೊಂಡೆ, 950. ಬೇಕಿತ್ತಾ ಅಂತ ಕೇಳಬೇಡಿ.

ಗೆದ್ದೆ ಅಂದುಕೊಂಡದ್ದು

ಸೋಮವಾರ ರಾತ್ರಿ ಹತ್ತಕ್ಕೆ ಹಾಕಿದೆ. ಕೆಪಾಸಿಟರ್ ಹಿಂದಿನ ಮೂಲೆಯಲ್ಲಿ ಕೆಳಗಿತ್ತು. ಅದರ ಮುಂದೆ ಬೆರಳಿನಷ್ಟು ದಪ್ಪದ ಪಾರದರ್ಶಕ ರಬ್ಬರ್ ಕೊಳವೆಯೊಂದು ಅಡ್ಡ ಬರುತ್ತಿತ್ತು. ಅದನ್ನು ಎಡಗೈಯಲ್ಲಿ ಪಕ್ಕಕ್ಕೆ ಎಳೆದು ಹಿಡಿದು, ಬಲಗೈಯಲ್ಲಿ ಸ್ಕ್ರೂ ಹಾಕಿದೆ. ಬೆಲ್ಟ್ ಸ್ವಲ್ಪ ಸಡಿಲವಾಗಿತ್ತು, ಮೋಟರಿನ ಬೋಲ್ಟ್ ಸಡಿಲಿಸಿ ಹಿಂದಕ್ಕೆ ಸರಿಸಿ ಬಿಗಿ ಮಾಡಿದೆ. (ಒಂದೇ ಸಲ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಎಷ್ಟು ಗುಣವಾಯಿತು ಅಂತ ತಿಳಿಯುವುದಿಲ್ಲ. ಮಾಮ ಆಮೇಲೆ ಬೈದರು.) ಅಡಿಯಲ್ಲಿ ಇಲಿ ಒಳಗೆ ಬರದ ಹಾಗೆ ಇರಬೇಕಾದ ಜಾಲರಿ ಇರಲೇ ಇಲ್ಲ, ಇಲಿಯ ಹಿಕ್ಕೆ ಮಾತ್ರ ಇತ್ತು. ವೈರುಗಳನ್ನು ಕಡಿದಿಲ್ಲ ಅಂತ ನೋಡಿಕೊಂಡು, ರಟ್ಟು ಕತ್ತರಿಸಿ ತಾತ್ಕಾಲಿಕವಾಗಿ ಮುಚ್ಚಿದೆ.

ಪ್ಲಗ್ ಹಾಕಿ, ಎರಡು ಬೆಡ್‌ಶೀಟ್ ಹಾಕಿ, ಸ್ಟಾರ್ಟ್ ಒತ್ತಿದೆ. ನೀರು ತುಂಬಿತು. ಒಂದು ಕ್ಷಣ ಮೌನ. ಆಮೇಲೆ ಗರ್, ನಿಂತು, ಗರ್, ನಿಂತು. ಎಡಕ್ಕೆ, ಬಲಕ್ಕೆ. ಮನೆಯವರೆಲ್ಲ ಬಾಲ್ಕನಿಗೆ ಬಂದರು. ಮಗಳು ಚಪ್ಪಾಳೆ ತಟ್ಟಿದಳು. ಸ್ಪಿನ್ ಆಗುವಾಗ ಮೆಷಿನ್ ಮೇಲೆ ಕೈ ಇಟ್ಟು ನಿಂತಿದ್ದೆ. ಬಡ್ತಿ ಸಿಕ್ಕ ದಿನ ಕೂಡ ನನಗೆ ಇಷ್ಟು ಖುಷಿ ಆಗಿರಲಿಲ್ಲ. ಬಡ್ತಿ ಬೇರೆಯವರು ಕೊಟ್ಟದ್ದು. ಇದು ನಾನೇ ಅಳೆದು, ಹುಡುಕಿ, ಹಾಕಿದ್ದು. ರಾತ್ರಿ ಹನ್ನೊಂದೂವರೆಗೆ ಹೆಂಡತಿ ಚಹಾ ಮಾಡಿದಳು.

ಬುಧವಾರ ಬೆಳಿಗ್ಗೆ ಆರೂವರೆ. ಬಟ್ಟೆ ಹಾಕಿ, ಮೆಷಿನ್ ಹಚ್ಚಿ, ನಾನು ದಾಡಿ ಮಾಡಿ ಸ್ನಾನಕ್ಕೆ ಹೋದೆ. ಹೆಂಡತಿ ಮಗಳನ್ನು ಸ್ಕೂಲ್ ಬಸ್ಸಿಗೆ ಬಿಡಲು ಕೆಳಗೆ ಹೋಗಿದ್ದಳು. ಸ್ನಾನದ ನಡುವೆ ಮೆಷಿನ್ ಕೀಂಕೀಂ ಅನ್ನುವುದು ಕೇಳಿಸಿತು. ಅದರ ಜೊತೆಗೇ ಬಾಗಿಲು ಬಡಿಯುವ ಸದ್ದು. ಕೆಳಗಿನ ಮನೆಯ ಕಾಕು. "ಅಹೋ, ವರೂನ್ ಪಾಣೀ ಗಳತಂಯ!" ಮೇಲಿನಿಂದ ನೀರು ಸೋರುತ್ತಿದೆ ಅಂತ.

ಬಾಲ್ಕನಿಗೆ ಓಡಿದರೆ ಮೆಷಿನಿನ ಬಾಯಿಂದ ನೀರು ಉಕ್ಕಿ ಹರಿಯುತ್ತಿತ್ತು. ನೆಲದಲ್ಲಿ ನೀರು ಹೊರಹೋಗುವ ನಹಾಣಿ ಟ್ರ್ಯಾಪಿನ ಬಾಯಿಗೆ ನನ್ನದೇ ರಟ್ಟು ನೆಂದು ಅಂಟಿಕೊಂಡಿತ್ತು. ಮೆಷಿನಿನ ಡಿಸ್‌ಪ್ಲೇ ತೋರಿಸುತ್ತಿದ್ದ ದೂರು ಏನು ಗೊತ್ತಾ? ನೀರು ಬರುತ್ತಿಲ್ಲ ಅಂತ! ಕುತ್ತಿಗೆವರೆಗೆ ನೀರಿನಲ್ಲಿ ನಿಂತು ಬಾಯಾರಿಕೆ ಅನ್ನುವ ಹಾಗೆ.

ಒದ್ದೆ ನೆಲಕ್ಕೆ ಕಾಲಿಡದೆ, ಮೊದಲು ಮುಖ್ಯ ಬೋರ್ಡಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿದೆ. ಆಗ ನೀರು ಬರುವುದು ತಕ್ಷಣ ನಿಂತಿತು. ಗಾಬರಿಯಲ್ಲೂ ಅದೊಂದನ್ನು ಗಮನಿಸಿದ್ದು ಒಳ್ಳೆಯದಾಯಿತು.

ಎರಡನೇ ರೋಗ, ನಾನೇ ತಂದದ್ದು

ನೀರು ನಿಲ್ಲದೆ ಬಂದರೆ ಎರಡು ಕಾರಣ ಇರಬಹುದು. ನೀರು ಬಿಡುವ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿರಬೇಕು, ಇಲ್ಲವೇ ನೀರು ಎಷ್ಟಾಯಿತು ಅಂತ ಮೆಷಿನಿಗೆ ತಿಳಿಯುತ್ತಿಲ್ಲ. ವಾಲ್ವ್ ಸಿಕ್ಕಿಕೊಂಡಿದ್ದರೆ ಕರೆಂಟ್ ತೆಗೆದರೂ ನೀರು ಬರುತ್ತಲೇ ಇರುತ್ತದೆ. ಇಲ್ಲಿ ನಿಂತಿತು. ಅಂದರೆ ವಾಲ್ವ್ ಸರಿ ಇದೆ, ಮೆಷಿನಿಗೆ ಅಳತೆಯೇ ಸಿಗುತ್ತಿಲ್ಲ.

ಅಳತೆ ಹೇಗೆ ಸಿಗುತ್ತದೆ? ಡ್ರಮ್ಮಿನ ತಳದ ಪಕ್ಕದಲ್ಲಿ ಒಂದು ಸಣ್ಣ ಗೂಡು. ಅಲ್ಲಿಂದ ತೆಳ್ಳನೆ ಕೊಳವೆ ಮೇಲಕ್ಕೆ ಹೋಗಿ ಪ್ರೆಶರ್ ಸೆನ್ಸರಿಗೆ ಸೇರುತ್ತದೆ. ನೀರು ಏರಿದ ಹಾಗೆ ಕೊಳವೆಯೊಳಗೆ ಸಿಕ್ಕಿದ ಗಾಳಿ ಒತ್ತಿಕೊಳ್ಳುತ್ತದೆ. ಆ ಒತ್ತಡವೇ ನೀರಿನ ಎತ್ತರದ ಲೆಕ್ಕ. ಕೊಳವೆ ಎಲ್ಲಾದರೂ ಬಿಟ್ಟುಕೊಂಡರೆ ಗಾಳಿ ಹೊರಗೆ ಹೋಗುತ್ತದೆ, ಒತ್ತಡ ಏರುವುದಿಲ್ಲ, ಡ್ರಮ್ ಖಾಲಿ ಅಂತಲೇ ಮೆಷಿನ್ ನಂಬುತ್ತದೆ.

ಬೆರಳಿನಷ್ಟು ದಪ್ಪದ ಪಾರದರ್ಶಕ ಕೊಳವೆ. ಎಡಗೈಯಲ್ಲಿ ನಾನು ಎಳೆದು ಹಿಡಿದಿದ್ದೆನಲ್ಲ, ಅದೇ.

ಕೆಳಗೆ ಎಳೆದದ್ದಕ್ಕೆ ಅದು ಮೇಲಿನ ತುದಿಯಲ್ಲಿ ಅರ್ಧ ಜಾರಿತ್ತು. ಅದು ಇದ್ದದ್ದು ಮೇಲಿನ ಪ್ಯಾನಲಿನ ಒಳಗೆ, ನನ್ನ ಕಣ್ಣಿಗೆ ಕಾಣದ ಜಾಗದಲ್ಲಿ. ಸೋಮವಾರ ಹೇಗೋ ಹಿಡಿದುಕೊಂಡಿತ್ತು. ಅವತ್ತಿನ ಸ್ಪಿನ್ನಿನ ಅದುರಾಟಕ್ಕೆ ಪೂರ್ತಿ ಕಳಚಿಕೊಂಡಿತ್ತು. ಬುಧವಾರ ಸಂಜೆ ಮೇಲಿನ ಪ್ಯಾನಲ್ ತೆಗೆದು ನೋಡಿದರೆ ಕೊಳವೆ ಸೆನ್ಸರಿನ ಪಕ್ಕದಲ್ಲಿ ನೇತಾಡುತ್ತಿತ್ತು, ಅದರ ಪುಟ್ಟ ಸ್ಪ್ರಿಂಗ್ ಕ್ಲಿಪ್ ಬೇರೆ ಕಡೆ ಬಿದ್ದಿತ್ತು. ಒತ್ತಿ ಕೂರಿಸಿ ಕ್ಲಿಪ್ ಹಾಕಲು ಹಿಡಿದದ್ದು ಎರಡು ನಿಮಿಷ. ಖರ್ಚು ಸೊನ್ನೆ.

ಈ ಸಲ ಮೆಷಿನ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಮೊದಲು ಅತಿ ಕಮ್ಮಿ ನೀರಿನ ಲೆವೆಲ್, ಆಮೇಲೆ ನಡುವಿನದು, ಆಮೇಲೆ ಪೂರ್ತಿ. ಪ್ರತಿ ಸಲವೂ ನೀರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಬಟ್ಟೆ ಇಲ್ಲದೆ ಒಂದು ಪೂರ್ತಿ ಸುತ್ತು ಓಡಿಸಿದೆ, ಅದು ಮುಗಿಯುವವರೆಗೆ ಎದ್ದು ಹೋಗಲಿಲ್ಲ. ಅವ್ವ ಒಂದು ಸಲ ಬಂದು ನೋಡಿ ಹೋದಳು. ತನ್ನ ಭಾನುವಾರದ ಮಾತನ್ನು ನೆನಪಿಸಲಿಲ್ಲ. ನೆನಪಿಸುವ ಅಗತ್ಯವೂ ಇರಲಿಲ್ಲ.

ಲೆಕ್ಕ

ಸರ್ವಿಸ್ ಹುಡುಗನಿಗೆ 450. ಕೆಪಾಸಿಟರ್ 140. ತುಕ್ಕಿನ ಸ್ಪ್ರೇ 190. ಮೀಟರ್ 950. ಇಲಿಯ ಜಾಲರಿ, ಸ್ಕ್ರೂ, ಚಿಲ್ಲರೆ ಸೇರಿ 120. ಕಾಕುವಿನ ಅಡುಗೆಮನೆಯ ಛಾವಣಿಯಲ್ಲಿ ತಟ್ಟೆಯಷ್ಟಗಲ ಕಲೆ. ಮಳೆ ಮುಗಿದ ಮೇಲೆ ಪುಟ್ಟಿ ಮತ್ತು ಬಣ್ಣಕ್ಕೆ 1,800. ಒಟ್ಟು 3,650. ಇದರಲ್ಲಿ ರೈಲು, ವಡಾಪಾವ್, ಒಂದು ಪೂರ್ತಿ ಭಾನುವಾರ, ಮೂರು ಸಂಜೆ ಸೇರಿಲ್ಲ. ಅವ್ವನ ಐದು ದಿನದ ಕೈ ಒಗೆತ ಕೂಡ.

ಅಂದರೆ 140ರ ರಿಪೇರಿಗೆ 3,650. ಕಂಪನಿ ಕೇಳಿದ್ದು 7,400. ಅರ್ಧದಷ್ಟು ಉಳಿಯಿತು ಅಂತ ಹೇಳಿಕೊಳ್ಳಬಹುದು. ಆದರೆ ಉಳಿತಾಯಕ್ಕಾಗಿ ರಿಪೇರಿ ಮಾಡುತ್ತೇನೆ ಅನ್ನುವವರ ಮಾತನ್ನು ನಾನು ಈಗ ಅಷ್ಟು ನಂಬುವುದಿಲ್ಲ. ಮೊದಲ ಸಲ ಮಾಡುವವನಿಗೆ ಹಣ ಅಷ್ಟೇನೂ ಉಳಿಯುವುದಿಲ್ಲ. ನನಗೆ ಸಿಕ್ಕಿದ್ದು ಬೇರೆ. ಆ 7,400 ಕೊಟ್ಟಿದ್ದರೆ ಸರಿ ಇದ್ದ ಗೇರ್‌ಬಾಕ್ಸ್ ಹೋಗಿ ಇನ್ನೊಂದು ಗೇರ್‌ಬಾಕ್ಸ್ ಬರುತ್ತಿತ್ತು, ಕೆಪಾಸಿಟರ್ 5.6ರಲ್ಲೇ ಇರುತ್ತಿತ್ತು, ಗುಂಯ್ ಹಾಗೇ ಇರುತ್ತಿತ್ತು. ಈಗ ಯಾರಾದರೂ ಏನಾದರೂ ಕೆಟ್ಟಿದೆ ಅಂದರೆ ನಾನೂ ಮಾಮನ ಹಾಗೆ ಕೇಳುತ್ತೇನೆ, ನಂಬರ್ ಎಷ್ಟು ಬಂತು ಅಂತ. ಇದರಿಂದ ಮನೆಯಲ್ಲಿ ಸ್ವಲ್ಪ ಕಿರಿಕಿರಿಯೂ ಆಗಿದೆ.

ಎಲ್ಲಕ್ಕೂ ಕೈ ಹಾಕುತ್ತೇನೆ ಅಂತಲ್ಲ. ಮೈಕ್ರೋವೇವ್ ಬಿಚ್ಚುವುದಿಲ್ಲ. ಅದರಲ್ಲೂ ಕೆಪಾಸಿಟರ್ ಇದೆ, ಆದರೆ ಅಲ್ಲಿನ ಆಟ ಸುಮಾರು 2,000 ವೋಲ್ಟಿನದು. ಪ್ಲಗ್ ಕಿತ್ತ ಮೇಲೂ ಕೊಲ್ಲಬಲ್ಲದು. ಫ್ರಿಜ್ಜಿನ ಗ್ಯಾಸ್ ಕೊಳವೆಗಳನ್ನೂ ಮುಟ್ಟುವುದಿಲ್ಲ. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿ ಇರುವುದು ಆರ್600ಎ, ಬೆಂಕಿ ಹತ್ತುವ ಗ್ಯಾಸ್. ಗೀಸರಿನ ವಿಷಯದಲ್ಲಿ ಎರಡು ಮನಸ್ಸು. ಕಾಯಿಲ್ ಬದಲಾಯಿಸುವುದು ಕಷ್ಟವಲ್ಲ, ಆದರೆ ಸ್ನಾನ ಮಾಡುವವರು ಒದ್ದೆ ಮೈಯಲ್ಲಿ ನನ್ನ ಕೈಗೆಲಸವನ್ನು ನಂಬಬೇಕಾಗುತ್ತದೆ. ಸದ್ಯಕ್ಕೆ ಬಲ್ಲವರನ್ನೇ ಕರೆಯುತ್ತೇನೆ.

ಕಾಕುವಿನ ಮನೆಗೆ ಬಣ್ಣ ಬಳಿಸಿದ ದಿನ ಅವರು ಚಹಾ ಕೊಟ್ಟರು. ಅವರ ಮಿಕ್ಸರ್ ಸದ್ದು ಮಾಡುತ್ತದೆ ಅಂತ ಮಾತು ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಅವಸರದಲ್ಲಿ ಹೇಳಿದರು, ಅದನ್ನು ಅಂಗಡಿಗೆ ಕೊಟ್ಟಾಗಿದೆಯಂತೆ.

ಹಿಂದಿನ ಪ್ಯಾನಲಿನ ಒಳಮೈಯಲ್ಲಿ, ಆ ವೈರಿಂಗ್ ಕಾಗದದ ಪಕ್ಕಕ್ಕೆ, ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ಹಳೇದು 5.6, ಹೊಸದು 10.1, ಕೊಳವೆ ಎಳೆಯಬೇಡ. ಮೊನ್ನೆ ಮೇ ಕೊನೆಯಲ್ಲಿ, ಮಳೆ ಶುರುವಾಗುವ ಮುಂಚೆ, ಮತ್ತೆ ತೆಗೆದು ಅಳೆದೆ. ಆರೂ ಸ್ಕ್ರೂ ಸಲೀಸಾಗಿ ಬಂದವು, ಕಳೆದ ವರ್ಷವೇ ಸ್ಟೀಲಿನವು ಹಾಕಿದ್ದೆ. 9.9 ಬಂತು. ಅದನ್ನೂ ಕೆಳಗೆ ಬರೆದು ಮುಚ್ಚಿದೆ.